ಬಂಡೆ ಮೇಳದ ಅಲ್ಪಾಯುಷ್ಯ

ಬಹಳ ಹಿಂದೆ, ರಾಜರು ಹೆಚ್ಚಾಗಿದ್ದು ಕಲ್ಲುಗಳು ಅವರಿಗಿಂತ ಹೆಚ್ಚಾಗಿದ್ದ ಕಾಲದಲ್ಲಿ, ಗುಂಡುಗಲ್ಲು ಎಂಬ ರಾಜ್ಯವಿತ್ತು. ಅದಕ್ಕೊಬ್ಬ ರಾಜನಿದ್ದ, ಇದ್ದ ಎಂಬುದೇ ಅವನ ಸಾಧನೆ. ಎಲ್ಲರೂ ಹೆದರುತ್ತಿದ್ದದ್ದು ಮೌನಗುಪ್ತನೆಂಬ ಮಾಂತ್ರಿಕನಿಗೆ. ಅವನಿಗೆ ಸಿಂಹಾಸನ ಬೇಕಿರಲಿಲ್ಲ, ಮಧ್ಯಾಹ್ನದ ನಿದ್ದೆ ಬೇಕಿತ್ತು. ನಿದ್ದೆ ಕೆಡಿಸಿದವರ ಎದುರು ನಿಂತು ಮಂತ್ರ ಹೇಳುತ್ತಿದ್ದ. ಅದು ಕಿವಿಗೆ ಬಿದ್ದವರು ಕಲ್ಲಾಗಿ ಊರಾಚೆಯ ಗುಡ್ಡ ಸೇರುತ್ತಿದ್ದರು. ತಾನೇ ಕಲ್ಲಾಗದಿರಲೆಂದು ಮೊದಲು ತನ್ನ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ. ಹೀಗಾಗಿ ಆ ರಾಜ್ಯದಲ್ಲಿ ಯಾರೂ ಒಂದು ಹಾಡನ್ನೂ ಪೂರ್ತಿ ಹಾಡಿರಲಿಲ್ಲ.

ಕುರಿ ಕಾಯುವ ತಿಪ್ಪೇಶಿಗೆ ಗುಡ್ಡದಲ್ಲಿ ಮೂರು ಬಂಡೆ ಸಿಕ್ಕವು. ಕೋಲು ತಾಗಿಸಿದರೆ ಒಂದು ಡಣ್ ಎನ್ನುತ್ತಿತ್ತು, ಇನ್ನೊಂದು ಡಿಣ್. ಮೂರನೆಯದರ ನಾದ ಅವನ ಎದೆಯೊಳಗೇ ಗಂಟೆ ಹೊಡೆದಂತಿತ್ತು. ಅವನು ಗೆಳತಿ ಹುಲಿಗೆವ್ವನ ಬಳಿಗೆ ಓಡಿದ. ಅವಳಕ್ಕ ಕೆಂಚವ್ವ ಬೀಸುವ ಪದ ಹಾಡುತ್ತಿದ್ದಾಗಲೇ ಕಲ್ಲಾಗಿದ್ದಳು. ಆ ಕಲ್ಲು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ.

“ನಾ ಬಾರಿಸ್ತೀನಿ. ನೀ ಹಾಡ್ತೀಯಾ?”

“ಅಕ್ಕನ ಪದಾನೇ ಹಾಡ್ತೀನಿ. ಅವಳನ್ನ ಕಲ್ಲು ಮಾಡಿದೋನು ನಿದ್ದೆ ಮಾಡಬಾರದು, ಅಷ್ಟೇ.”

ಬಂಡೆಗಳನ್ನು ಗಾಡಿಗೇರಿಸಿದರು. ಹೆಸರಿಗಾಗಿ ಇಡೀ ದಾರಿ ಜಗಳವಾಡಿ, ಕೊನೆಗೆ ‘ಬಂಡೆ ಮೇಳ’ ಎಂದಿಟ್ಟರು. ಜಗಳಕ್ಕೆ ತಕ್ಕ ಹೆಸರೇನಲ್ಲ.

ಮೊದಲ ಕಛೇರಿ ಸಂತೆಯಲ್ಲಿ. ಮೌನಗುಪ್ತ ಕಿವಿಯಲ್ಲಿ ಹತ್ತಿ ತುರುಕಿಕೊಂಡೇ ಓಡಿಬಂದು ಮಂತ್ರ ಕೂಗಿದ. ಬಂಡೆಗಳ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹಾಡು ಮುಗಿಯಿತು, ಕೊನೆಯ ಪೆಟ್ಟು ಡಣ್ ಬಂಡೆಯ ಮೇಲೆ ಬಿತ್ತು. ಬಂಡೆ ಎದ್ದು ನಿಂತಿತು. ನೋಡಿದರೆ ಗಾಣದ ಬಸಣ್ಣ!

“ನಡುಬೆನ್ನಿಗೇ ಬಡೀತೀಯಲ್ಲಲೇ!” ಎಂದ ಬಸಣ್ಣ. “ಬಡಿಯೋದು ಬಡಿ, ತಾಳಕ್ಕಾದ್ರೂ ಬಡಿ!”

ಪೂರ್ತಿ ಹಾಡಿನ ಕೊನೆಯ ಪೆಟ್ಟಿಗೆ ಶಾಪ ಬಿಡುತ್ತದೆಂದು ಆಗ ತಿಳಿಯಿತು.

“ಇನ್ನೆರಡೇ ಬಂಡೆ ಉಳಿದವಲ್ಲ!” ಎಂದು ತಿಪ್ಪೇಶಿ ಮುಖ ಸಣ್ಣದು ಮಾಡಿದ.

“ಇನ್ನಿಬ್ಬರು ಮನುಷ್ಯರು ಉಳಿದರು” ಎಂದಳು ಹುಲಿಗೆವ್ವ.

ಎರಡನೆಯ ಕಛೇರಿಗೆ ಮಾಂತ್ರಿಕ ಮೂರು ಮೂತಿಯ ಕರಡಿಯನ್ನು ಛೂ ಬಿಟ್ಟ. ಕರಡಿ ಗರ್ಜಿಸುತ್ತ ಬಂತು, ಹಾಡು ಕೇಳಿತು, ಕುಣಿಯತೊಡಗಿತು. ಒಂದೊಂದು ಮೂತಿ ಒಂದೊಂದು ತಾಳ ಹಿಡಿದದ್ದರಿಂದ ಕಾಲಿಗೆ ಕಾಲು ತೊಡರಿ ಬಿತ್ತು. ಬಿದ್ದಲ್ಲಿಂದಲೇ ಮೂರೂ ಬಾಯಲ್ಲಿ “ಮತ್ತೊಮ್ಮೆ!” ಎಂದಿತು. ಮೇಳಕ್ಕೆ ಸಿಕ್ಕ ಮೊದಲ ಅಭಿಮಾನಿ ಅದು. ಅಷ್ಟರಲ್ಲಿ ಡಿಣ್ ಬಂಡೆ ಎದ್ದು, ಸೂಲಗಿತ್ತಿ ನಿಂಗಮ್ಮನಾಗಿ, ಸೀರೆ ಕೊಡವಿಕೊಂಡು ಮನೆಗೆ ಹೋಯಿತು.

ಮೂರನೆಯ ಕಛೇರಿಗೆ ಊರಿಗೆ ಊರೇ ನೆರೆಯಿತು. ಮೌನಗುಪ್ತನೂ ಬಂದ. ಚೌಕಾಸಿಗೆ ಕಿವಿ ಬೇಕಲ್ಲ, ಹತ್ತಿ ತೆಗೆದು ಕೈಯಲ್ಲಿ ಹಿಡಿದಿದ್ದ.

“ತಿಪ್ಪೇಶಿ, ಇದೊಂದೇ ಬಂಡೆ ಉಳಿದಿದೆ. ಇದೂ ಹೋದರೆ ನೀನು ಮತ್ತೆ ಕುರಿ ಕಾಯುವವನು. ಅರಮನೆಯಲ್ಲಿ ದಿನಾ ಬೆಳಿಗ್ಗೆ ನಿನ್ನ ಕಛೇರಿ ಇಡಿಸುತ್ತೇನೆ. ಕೊನೆಯ ಪೆಟ್ಟು ಮಾತ್ರ ಹಾಕಬೇಡ.”

ತಿಪ್ಪೇಶಿಗೆ ಆಸೆಯಾಯಿತು. ಆಗಲಿಲ್ಲ ಎಂದರೆ ಸುಳ್ಳಾದೀತು. ಆ ನಾದ ಬಿಟ್ಟು ಬದುಕುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

“ತಿಪ್ಪಾ,” ಎಂದಳು ಹುಲಿಗೆವ್ವ, “ನಾ ಹಾಡ್ತೀನಿ. ಮುಗಿಸೋದು ನಿನಗೆ ಬಿಟ್ಟಿದ್ದು.”

ಅವಳು ಹಾಡಿದಳು. ಕೊನೆಯ ಸಾಲು ಬಂತು. ತಿಪ್ಪೇಶಿ ಕೋಲೆತ್ತಿ, ಕಣ್ಣು ಮುಚ್ಚಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದ.

“ಯಾವನಲೇ ಅವನು,” ಎನ್ನುತ್ತ ಕೆಂಚವ್ವ ಭುಜ ಉಜ್ಜಿಕೊಂಡು ಎದ್ದಳು, “ನನ್ನ ಪದಾನ ಇಷ್ಟು ಕೆಟ್ಟದಾಗಿ ಬಾರಿಸಿದೋನು?”

ಹುಲಿಗೆವ್ವ ಅಳುತ್ತ ನಗುತ್ತ ಅಕ್ಕನ ಕೊರಳಿಗೆ ಬಿದ್ದಳು. ಜನ ಕೇಕೆ ಹಾಕಿದರು, ಕರಡಿ ಮೂರು ಸಲ ಹಾಕಿತು. ಸಿಟ್ಟಿಗೆದ್ದ ಮೌನಗುಪ್ತ ಕೈಯಲ್ಲಿದ್ದ ಹತ್ತಿಯನ್ನು ಮರೆತು ಮಂತ್ರ ಕೂಗಿದ. ಆ ಗದ್ದಲದಲ್ಲಿ ಅದು ಕೇಳಿಸಿದ್ದು ಒಬ್ಬನಿಗೇ: ಅವನಿಗೆ.

ಆಮೇಲೆ ಜನ ಗುಡ್ಡ ಹತ್ತಿ, ತಿಪ್ಪೇಶಿ ಕೋಲು ತಾಗಿಸದ ಮೂಲೆಗಳಲ್ಲೂ ತಟ್ಟಿ ನೋಡಿ, ನುಡಿದ ಕಲ್ಲಿಗೆಲ್ಲ ಒಂದೊಂದು ಹಾಡು ಮುಗಿಸಿ, ತಮ್ಮವರನ್ನೆಲ್ಲ ಮನೆಗೆ ಕರೆತಂದರು. ನುಡಿಯುವ ಕಲ್ಲು ಒಂದೂ ಉಳಿಯಲಿಲ್ಲ. ತಿಪ್ಪೇಶಿ ಆಸೆಯಿಂದ ಮೌನಗುಪ್ತನಿಗೂ ಒಂದೇಟು ಹಾಕಿ ನೋಡಿದ. ದಪ್ ಎಂದಿತು. ಬಂಡೆ ಮೇಳ ಅಲ್ಲಿಗೆ ಮುಗಿಯಿತು. ಅವನಿಗೆ ದುಃಖವಾಯಿತು, ಊಟದ ಹೊತ್ತಿನವರೆಗೆ. ಊಟಕ್ಕೆ ಕರೆದವಳು ಕೆಂಚವ್ವ. ತಾಳ ಕಲಿಸಿದವಳೂ ಅವಳೇ.

ಗುಂಡುಗಲ್ಲಿನವರು ಅಂದಿನಿಂದ ಗದ್ದಲವಾಗಿ, ಸುಖವಾಗಿ ಬಾಳಿದರು. ಹೆಂಗಸರು ಮಧ್ಯಾಹ್ನ ಮಾಂತ್ರಿಕನ ಮೇಲೆ ಸಂಡಿಗೆ ಒಣಹಾಕಿ ಸುತ್ತ ಕೂತು ಹಾಡುತ್ತಿದ್ದರು, ಪ್ರತಿ ಹಾಡನ್ನೂ ಕೊನೆಯವರೆಗೆ. ಆ ಬಂಡೆಯ ಮೇಲೆ ತಾಳ ಮಾತ್ರ ಯಾರೂ ಹಾಕುತ್ತಿರಲಿಲ್ಲ.