ಕಬ್ಬಿಣ ಮುಟ್ಟದ ಕಲ್ಲು

"ಈ ಕಲ್ಲು ಆಗಲ್ಲ," ಎಂದಳು ಎಫ್ರಾತ್.

ಹದಸಾ ಇನ್ನೂ ಏದುಸಿರು ಬಿಡುತ್ತಿದ್ದಳು. ಹನ್ನೆರಡು ಕಲ್ಲುಗಳನ್ನು ಬ್ಯಾಗಿಗೆ ತುಂಬಿಕೊಂಡು, ಬಸ್ಸಿನಿಂದ ಇಳಿದು, ಬೀದಿಯ ಮೆಟ್ಟಿಲು ಹತ್ತಿ, ಆಮೇಲೆ ಶಾಲೆಯ ಮೆಟ್ಟಿಲನ್ನೂ ಹತ್ತಿ ಬಂದಿದ್ದಳು. ಜೆರುಸಲೇಮಿನಲ್ಲಿ ಮೆಟ್ಟಿಲುಗಳಿಗೇನೂ ಕೊರತೆಯಿಲ್ಲ. ಈಗ ಆ ಕಲ್ಲುಗಳು ಕ್ಲಾಸಿನ ನಡುವಿನ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಒಂದೊಂದೂ ಸೋಪಿನಷ್ಟು ದೊಡ್ಡದು. ಅಂಚು ನೇರ, ಮೈ ನುಣುಪು.

"ಯಾಕಾಗಲ್ಲ? ನಮ್ಮಪ್ಪ ಊಟಕ್ಕೂ ಏಳದೆ ಕೂತು ಕಡಿದುಕೊಟ್ಟಿದ್ದು ಇದು."

"ಅದಕ್ಕೇ ಆಗಲ್ಲ. ಕಡಿದಿದ್ದಲ್ವಾ?" ಎಫ್ರಾತ್ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಅವಳ ಬೆರಳು ಯಾವಾಗಲೂ ಸರಿಯಾದ ಸಾಲಿನ ಮೇಲೇ ಇರುತ್ತದೆ. "ಮೊನ್ನೆ ಪಾಠದಲ್ಲಿ ಬಂತಲ್ಲ. ಬಲಿಪೀಠ ಕಟ್ಟೋ ಕಲ್ಲಿಗೆ ಕಬ್ಬಿಣ ತಾಗಿಸಬೇಡಿ ಅಂತ ದೇವರು ಮೋಶೆಗೆ ಹೇಳಿದಾನೆ. ತಾಗಿದರೆ ಮೈಲಿಗೆ."

ಹದಸಾ ಪೆನಿನಾ ಟೀಚರ್ ಮುಖ ನೋಡಿದಳು. ಬಲಿಪೀಠದ ಮಾಡೆಲ್ ಮಾಡೋಣ ಎಂದವರು ಅವರೇ. ಕಲ್ಲು ಯಾರು ತರುತ್ತೀರಿ ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಹದಸಾ.

"ಎಫ್ರಾತ್ ಹೇಳಿದ್ದು ಸರಿ, ಮರಿ," ಎಂದರು ಟೀಚರ್. "ನಾನೇ ಮೊದಲು ಹೇಳಬೇಕಿತ್ತು, ಮರೆತೆ. ಇಷ್ಟು ಚೆನ್ನಾಗಿರೋ ಕಲ್ಲು, ಕಿಟಕಿ ಹತ್ತಿರ ಹೂವಿನ ಕುಂಡದ ಸುತ್ತ ಜೋಡಿಸೋಣ."

ಹೂವಿನ ಕುಂಡದ ಸುತ್ತ! ಹದಸಾ ಹನ್ನೆರಡನ್ನೂ ಬ್ಯಾಗಿಗೆ ತುಂಬಿಕೊಂಡಳು.

ಉಳಿದವರು ಅಂಗಳಕ್ಕೆ ಓಡಿ ಕೈಗೆ ಸಿಕ್ಕ ಕಲ್ಲುಗಳನ್ನು ಆರಿಸಿ ತಂದರು. ಗುಂಡು ಕಲ್ಲು, ಚೂಪು ಕಲ್ಲು, ಮಣ್ಣು ಮೆತ್ತಿದ ಕಲ್ಲು. ಒಂದರ ಮೇಲೊಂದು ಇಟ್ಟರು. ಬಲಿಪೀಠ ಮೂರು ಸಾಲು ಎದ್ದಿತು, ಆಮೇಲೆ ದಬದಬನೆ ಕುಸಿಯಿತು.

"ಗೋಂದು ಹಾಕೋಣ," ಎಂದಳೊಬ್ಬಳು.

"ಮೋಶೆ ಹತ್ರ ಗೋಂದು ಇತ್ತಾ?" ಎಂದಳು ಎಫ್ರಾತ್.

ಎಲ್ಲರೂ ನಕ್ಕರು. ಹದಸಾಗೆ ನಗು ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಪೋಷಕರೆಲ್ಲ ಬಲಿಪೀಠ ನೋಡಲು ಬರುವವರಿದ್ದರು. ಅಪ್ಪ ಶಾಲೆಗೆ ಬರುತ್ತಿದ್ದದ್ದು ಇದೇ ಮೊದಲ ಸಲ. ಅಪ್ಪ ಕಲ್ಲು ಕೆತ್ತುವವನು. ಊರಂಚಿನ ಸ್ಮಶಾನದ ರಸ್ತೆಯಲ್ಲಿ ಅವನ ಅಂಗಡಿ. ಸಮಾಧಿಕಲ್ಲುಗಳ ಮೇಲೆ ಹೆಸರು ಕೆತ್ತುವುದು ಅವನ ಕೆಲಸ. ಅಂಗಡಿಗೆ ಬಂದವರಿಗೆಲ್ಲ "ನನ್ನ ಮಗಳ ಕ್ಲಾಸಿನ ಬಲಿಪೀಠಕ್ಕೆ ನನ್ನದೇ ಕಲ್ಲು" ಎಂದು ಹೇಳಿಬಿಟ್ಟಿದ್ದ. ಅಂಥ ಅಪ್ಪ ಬಂದು ತನ್ನ ಕಲ್ಲು ಎಲ್ಲಿ ಎಂದು ಹುಡುಕಿದರೆ? ಎಫ್ರಾತ್ ಅವನ ಮುಂದೆಯೇ ಪುಸ್ತಕ ತೆರೆದು ಬೆರಳಿಟ್ಟರೆ?

ಸಂಜೆ ಊಟಕ್ಕೆ ಕುಬ್ಬೆ ಸಾರು ಇತ್ತು. ಕೆಂಪು ಸಾರಿನಲ್ಲಿ ಖೀಮಾ ತುಂಬಿದ ದಪ್ಪ ದಪ್ಪ ಉಂಡೆಗಳು. ಬೇರೆ ದಿನವಾಗಿದ್ದರೆ ಹದಸಾ ಐದು ಉಂಡೆ ಇಳಿಸುತ್ತಿದ್ದಳು. ಇವತ್ತು ಎರಡಕ್ಕೇ ಸಾಕಾಯಿತು.

"ಹದಸಾ, ಚಾಕು," ಎಂದಳು ಅಮ್ಮ.

ಅದು ದಿನವೂ ಹದಸಾಳದೇ ಕೆಲಸ. ಊಟವಾದ ಮೇಲೆ ದೇವರಿಗೆ ವಂದನೆ ಹೇಳುವ ಮುಂಚೆ, ಬ್ರೆಡ್ ಕೊಯ್ದ ಚಾಕುವನ್ನು ನ್ಯಾಪ್ಕಿನ್‌ನಿಂದ ಮುಚ್ಚಬೇಕು. ನಾಲ್ಕು ವರ್ಷದವಳಿದ್ದಾಗಿನಿಂದ ಮುಚ್ಚುತ್ತಾ ಬಂದಿದ್ದಳು. ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ಅಮ್ಮ, ಚಾಕು ಯಾಕೆ ಮುಚ್ಚೋದು?"

"ಊಟದ ಮೇಜು ಅಂದರೆ ಬಲಿಪೀಠ ಇದ್ದ ಹಾಗೆ ಕಣೇ. ಚಾಕು ಕಬ್ಬಿಣದ್ದು. ಕತ್ತಿ, ಈಟಿ ಎಲ್ಲಾ ಅದರಿಂದಲೇ ಮಾಡೋದು. ಕಬ್ಬಿಣ ಆಯಸ್ಸು ಕಳೆಯುತ್ತೆ, ಬಲಿಪೀಠ ಆಯಸ್ಸು ಕೊಡುತ್ತೆ. ಅದಕ್ಕೇ ಅದನ್ನ ಇದರ ಮೇಲೆ ತೋರಿಸಬಾರದು."

ಹದಸಾ ನ್ಯಾಪ್ಕಿನ್ ಹಿಡಿದು ಹಾಗೇ ಕೂತಳು. ಹಾಗಾದರೆ ಮನೆಯಲ್ಲೂ ಇದೇ ಮಾತು! ಅಪ್ಪ ಬೆಳಗಿನಿಂದ ಸಂಜೆಯವರೆಗೆ ಹಿಡಿಯುವ ಚಾಣ ಕಬ್ಬಿಣದ್ದು. ಸುತ್ತಿಗೆಯೂ ಕಬ್ಬಿಣದ್ದೇ. ಅದೇ ಚಾಣದಿಂದ ಅವನು ಸಮಾಧಿಕಲ್ಲಿನ ಮೇಲೆ ದೇವರ ಮಾತುಗಳನ್ನೂ ಕೆತ್ತುತ್ತಾನೆ. ಅದು ಮಾತ್ರ ಹೇಗೆ ಸರಿ? ಅವಳ ತಲೆಯೊಳಗೆ ಎಲ್ಲವೂ ಕಲಸುಮೇಲೋಗರವಾಯಿತು.

"ಶುಕ್ರವಾರ ಎಷ್ಟು ಗಂಟೆಗೆ ಮಗಳೇ?" ಎಂದು ಕೇಳಿದ ಅಪ್ಪ. "ಬಿಳಿ ಶರ್ಟು ಇಸ್ತ್ರಿ ಮಾಡಿಟ್ಟಿದೀನಿ."

"ನೀನು ಬರೋದು ಬೇಡಪ್ಪ," ಎಂದುಬಿಟ್ಟಳು ಹದಸಾ. "ಅದು... ಅಮ್ಮಂದಿರು ಮಾತ್ರ ಅಂತೆ."

"ಓ," ಎಂದ ಅಪ್ಪ. ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದ.

ಮಾರನೆಯ ದಿನವೂ ಶಾಲೆಯಲ್ಲಿ ಬಲಿಪೀಠ ಎರಡು ಸಲ ಕುಸಿಯಿತು. ಶಾಲೆ ಬಿಟ್ಟ ಮೇಲೆ ಹದಸಾ ಕಲ್ಲಿನ ಬ್ಯಾಗು ಹೊತ್ತು ಅಪ್ಪನ ಅಂಗಡಿ ಕಡೆ ಹೋಗುವ ಬಸ್ಸು ಹಿಡಿದಳು. ಹಿಂದಿನ ಬಾಗಿಲಲ್ಲಿ ಚೂರುಕಲ್ಲುಗಳ ರಾಶಿ ಇದೆ. ಅದರೊಳಗೆ ಹನ್ನೆರಡನ್ನೂ ಸೇರಿಸಿ ಬಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು.

ಐದನೆಯ ಕಲ್ಲು ಇಡುವಾಗ ಹಿಂದೆ ನೆರಳು ಬಿತ್ತು.

"ನಮ್ಮ ಕಲ್ಲು ವಾಪಸ್ ಬಂದವಾ?" ಎಂದ ಅಪ್ಪ.

ಹದಸಾಗೆ ಅಳು ಒತ್ತಿಕೊಂಡು ಬಂತು. ಎಫ್ರಾತ್ ಬೆರಳಿಟ್ಟ ಸಾಲು, ಹೂವಿನ ಕುಂಡ, ಅಮ್ಮ ಹೇಳಿದ ಚಾಕುವಿನ ಮಾತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕೊನೆಗೆ ಕೇಳಿದಳು: "ಅಪ್ಪ, ನಿನ್ನ ಕೆಲಸ ಮೈಲಿಗೆನಾ?"

ಅಪ್ಪ ಕಲ್ಲುರಾಶಿಯ ಮೇಲೆ ಕೂತ. ಕೈಯಲ್ಲಿದ್ದ ಚಾಣವನ್ನು ತಿರುಗಿಸಿ ನೋಡಿದ.

"ಆ ಮಾತು ನನಗೂ ಗೊತ್ತಿತ್ತು ನೋಡು. ಹನ್ನೆರಡು ಕಲ್ಲು ಕಡಿದರೂ ನೆನಪಾಗಲಿಲ್ಲ. ಚಾಣ ಕೈಗೆ ಬಂದರೆ ನನಗೆ ಬೇರೇನೂ ನೆನಪಿರಲ್ಲ." ಆಮೇಲೆ ಹೇಳಿದ, "ಸೊಲೊಮೋನ ರಾಜ ದೇವಾಲಯ ಕಟ್ಟಿದನಲ್ಲ, ಅದಕ್ಕೆ ಕಡಿದ ಕಲ್ಲೇ ಹಾಕಿದ್ದು. ಆದರೆ ಕಡಿದಿದ್ದು ದೂರದಲ್ಲಿ, ಕಲ್ಲಿನ ಗಣಿಯಲ್ಲೇ. ದೇವಾಲಯದ ಜಾಗದಲ್ಲಿ ಸುತ್ತಿಗೆ ಸದ್ದೇ ಇರಲಿಲ್ಲವಂತೆ."

"ಹಾಗಾದರೆ ಕಬ್ಬಿಣ ಸರೀನಾ, ತಪ್ಪಾ?"

"ನಾನೂ ನಿನ್ನ ಅಜ್ಜನಿಗೆ ಇದನ್ನೇ ಕೇಳಿದ್ದೆ. 'ಮೊದಲು ಚಾಣ ನೆಟ್ಟಗೆ ಹಿಡಿಯೋದು ಕಲಿ' ಅಂದರು."

"ಅಂದರೆ ಏನಪ್ಪ?"

"ಅಂದರೆ ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ."

ಹದಸಾಗೆ ಅಳುವಿನ ನಡುವೆಯೇ ನಗು ಬಂತು. ಆದರೆ ಗೊಂದಲ ಕಮ್ಮಿಯಾಗಲಿಲ್ಲ. ದೊಡ್ಡವರಿಗೂ ಗೊತ್ತಿಲ್ಲದಿದ್ದರೆ ಯಾರನ್ನು ಕೇಳುವುದು?

"ಅದಿರಲಿ. ನಿಮ್ಮ ಬಲಿಪೀಠ ನಿಂತಿದೆಯಾ?" ಎಂದ ಅಪ್ಪ.

"ಇಲ್ಲ. ಬೀಳ್ತಾನೇ ಇದೆ."

ಅಪ್ಪ ಎದ್ದು ಚಾಣವನ್ನೂ ಸುತ್ತಿಗೆಯನ್ನೂ ಅಂಗಡಿಯೊಳಗಿಟ್ಟ. ನಲ್ಲಿಯಲ್ಲಿ ಕೈ ತೊಳೆದುಕೊಂಡ. "ಬಾ," ಎಂದ.

ಅಂಗಡಿಯ ಹಿಂದಿನ ಇಳಿಜಾರಿನಲ್ಲಿ ಬಾದಾಮಿ ಮರಗಳು ಆಗಲೇ ಹೂ ಬಿಟ್ಟಿದ್ದವು. ಕೆಳಗೆಲ್ಲ ಬಿಡಿ ಕಲ್ಲುಗಳು. ಅಪ್ಪ ಒಂದನ್ನು ಎತ್ತಿ ತಿರುಗಿಸಿ ನೋಡಿದ.

"ಇದರ ಹೊಟ್ಟೆ ಎಲ್ಲಿದೆ, ಕೂರೋ ಜಾಗ ಎಲ್ಲಿದೆ, ನೋಡು. ಹೊಟ್ಟೆ ಮೇಲೆ ಕೂರಿಸಿದರೆ ಉರುಳದೆ ಏನು ಮಾಡುತ್ತೆ?"

ಹದಸಾ ಹುಡುಕಿದಳು. ಒಂದು ಕಲ್ಲಿನ ತಗ್ಗಿಗೆ ಇನ್ನೊಂದರ ಉಬ್ಬು ಕೂರಬೇಕು. ಹತ್ತು ಕಲ್ಲು ಎತ್ತಿದರೆ ಒಂದು ಹೊಂದುತ್ತಿತ್ತು. ಅಪ್ಪನಿಗೆ ಸಿಕ್ಕ ಒಳ್ಳೆಯ ಕಲ್ಲೊಂದಕ್ಕೆ ಮೂಲೆಯಲ್ಲಿ ಹೊರಚಾಚಿದ ಚಿಕ್ಕದೊಂದು ಮೂತಿ ಇತ್ತು. ಅವನ ಕೈ ತಾನಾಗಿಯೇ ಸೊಂಟದ ಪಟ್ಟಿಗೆ ಹೋಯಿತು. ಅಲ್ಲಿ ಸುತ್ತಿಗೆ ಇರಲಿಲ್ಲ. ಅಪ್ಪ ತನ್ನ ಬರಿಗೈ ನೋಡಿಕೊಂಡು ನಕ್ಕ. ಕಲ್ಲನ್ನು ಕೆಳಗಿಟ್ಟು, ಆ ಮೂತಿಗೆ ಹೊಂದುವ ಇನ್ನೊಂದು ಕಲ್ಲಿಗಾಗಿ ಇಳಿಜಾರಿನ ತುದಿಯವರೆಗೂ ಹುಡುಕಿಕೊಂಡು ಹೋದ.

"ಸುತ್ತಿಗೆ ಇದ್ದಿದ್ದರೆ ಒಂದೇ ಏಟು," ಎಂದ ತಿರುಗಿ ಬಂದು. "ಇಪ್ಪತ್ತು ವರ್ಷದಲ್ಲಿ ಒಂದು ಕಲ್ಲನ್ನ ಇಷ್ಟು ಹೊತ್ತು ನೋಡಿರಲಿಲ್ಲ ನಾನು."

ಹದಸಾ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟಳು. "ಅಪ್ಪ, ಅಮ್ಮಂದಿರು ಮಾತ್ರ ಅಂದಿದ್ದು ಸುಳ್ಳು."

"ಗೊತ್ತು. ಅಪ್ಪಂದಿರೂ ಬನ್ನಿ ಅಂತ ಅಮ್ಮನ ಫೋನಿಗೆ ಮೆಸೇಜ್ ಬಂದಿತ್ತು."

"ಮತ್ತೆ ಯಾಕೆ ಏನೂ ಅನ್ನಲಿಲ್ಲ?"

ಅಪ್ಪ ಅಂಗೈ ಬಿಡಿಸಿ ತೋರಿಸಿದ. ತೊಳೆದರೂ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಹಾಗೇ ಇತ್ತು. "ಈ ಕೈ ನೋಡಿದರೆ ನಿನಗೆ ನಾಚಿಕೆ ಆಗುತ್ತೇನೋ ಅಂದುಕೊಂಡೆ."

ಹದಸಾ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಾಳೆ ಒಂಬತ್ತು ಗಂಟೆಗೆ ಅಪ್ಪ. ತಡ ಮಾಡಬೇಡ," ಎಂದಳು.

ಶುಕ್ರವಾರ ಬಿಳಿ ಶರ್ಟಿನ ಅಪ್ಪ ಕ್ಲಾಸಿನ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಹದಸಾ ಬ್ಯಾಗಿನಿಂದ ಒಂದೊಂದೇ ಒರಟು ಕಲ್ಲು ತೆಗೆದು, ತಿರುಗಿಸಿ, ಕೂರಿಸಿದಳು. ಎಫ್ರಾತ್ ಕೆಳಗಿನಿಂದ ಕಲ್ಲು ಎತ್ತಿಕೊಟ್ಟಳು. ಮೂರನೆಯ ಸಾಲು ಎದ್ದಿತು. ಐದನೆಯದೂ ಎದ್ದಿತು. ಎಫ್ರಾತ್ ಪುಸ್ತಕದ ಮೇಲಿಡುವ ಆ ಬೆರಳಿನಿಂದಲೇ ಒಮ್ಮೆ ತಳ್ಳಿ ನೋಡಿದಳು. ಅಲುಗಲಿಲ್ಲ.

"ಗೋಂದು ಹಾಕಿದೀಯಾ?" ಎಂದು ಪಿಸುಗುಟ್ಟಿದಳು.

"ಮೋಶೆ ಹತ್ರ ಗೋಂದು ಇತ್ತಾ?" ಎಂದಳು ಹದಸಾ. ಹಿಂದಿನ ಗೋಡೆಯಿಂದ ಅಪ್ಪನ ಗಟ್ಟಿ ನಗು ಕೇಳಿತು. ಆಮೇಲೆ ಅವಳು ಅಂಗಡಿಯಿಂದ ಮತ್ತೆ ಹೊತ್ತು ತಂದಿದ್ದ ಆ ಹನ್ನೆರಡು ನುಣುಪು ಕಲ್ಲುಗಳನ್ನೂ ಹೊರತೆಗೆದು, ತಾನೇ ಹೋಗಿ ಕಿಟಕಿಯ ಹೂವಿನ ಕುಂಡದ ಸುತ್ತ ಜೋಡಿಸಿದಳು. ಅಲ್ಲಿ ಅವು ಚೆನ್ನಾಗಿಯೇ ಕಂಡವು.

ಸಂಜೆ ಸೂರ್ಯ ಇಳಿದು ಸಬ್ಬತ್, ಯಾರೂ ಕೆಲಸ ಮಾಡದ ವಾರದ ವಿಶ್ರಾಂತಿಯ ದಿನ, ಶುರುವಾಯಿತು. ಮೇಣದ ದೀಪ, ಬಿಳಿ ಮೇಜುಬಟ್ಟೆ, ಎರಡು ದೊಡ್ಡ ಬ್ರೆಡ್ಡು. ಊಟ ಮುಗಿದಾಗ ಹದಸಾಳ ಕೈ ಅಭ್ಯಾಸದಂತೆ ನ್ಯಾಪ್ಕಿನ್ ಕಡೆ ಹೋಯಿತು.

"ಇವತ್ತು ಸಬ್ಬತ್ ಕಣೇ. ಸಬ್ಬತ್ತಿನಲ್ಲಿ ಚಾಕು ಮುಚ್ಚಲ್ಲ," ಎಂದಳು ಅಮ್ಮ.

ಹದಸಾಗೆ ಅದು ಗೊತ್ತಿತ್ತು. ಅದು ತನಗೆ ವಾರಕ್ಕೊಮ್ಮೆ ಸಿಗುವ ರಜೆ ಎಂದೇ ಇಷ್ಟು ದಿನ ತಿಳಿದಿದ್ದಳು.

ಚಾಕು ಬ್ರೆಡ್ಡಿನ ಚೂರುಗಳ ನಡುವೆ ಎಲ್ಲರಿಗೂ ಕಾಣುವಂತೆ ಮಲಗಿತ್ತು. ಅದರ ಪಕ್ಕದಲ್ಲೇ ಬಿಳಿ ಬಟ್ಟೆಯ ಮೇಲೆ ಅಪ್ಪನ ಎರಡು ಕೈಗಳು. ನಾಳೆ ಕತ್ತಲಾಗುವವರೆಗೆ ಆ ಕೈಗಳಿಗೂ ಕೆಲಸವಿರಲಿಲ್ಲ. ಇವತ್ತು ಮಾತ್ರ ಚಾಕು ಯಾಕೆ ಮುಚ್ಚಬೇಕಿಲ್ಲ ಎಂದು ಹದಸಾಗೆ ಇನ್ನೂ ಪೂರ್ತಿ ತಿಳಿಯಲಿಲ್ಲ. ಆದರೆ ಅಪ್ಪ ಹಾಡಲು ಶುರು ಮಾಡಿದಾಗ ಅವಳು ನ್ಯಾಪ್ಕಿನ್ ಮಡಚಿ ಪಕ್ಕಕ್ಕಿಟ್ಟಳು. ಚಾಕುವೂ ಇವತ್ತು ನಮ್ಮ ಜೊತೆ ಕೂತು ಹಾಡು ಕೇಳಲಿ ಎಂದುಕೊಂಡು, ಅಪ್ಪನ ದನಿಗೆ ತನ್ನ ದನಿ ಸೇರಿಸಿದಳು.