ಸಿಂಗಾಪುರಕ್ಕೆ ಏಳು ಗಂಟೆ

ಮಚ್ಚು ಬೀಸಿದ ರಭಸಕ್ಕೆ ನನ್ನ ಕಾಲರ್ ಹರಿದು ಹೋಯ್ತು...

ಒಂದಿಂಚು ಒಳಗೆ ಬಂದಿದ್ರೆ ಈ ಕತೆ ಹೇಳೋಕೆ ನಾನಿರ್ತಿರಲಿಲ್ಲ ಗುರು.

ಜಿಗಣಿಯ ಗ್ರಾನೈಟ್ ಶೆಡ್ಡು. ಮಟಮಟ ಮಧ್ಯಾಹ್ನ. ಮಚ್ಚು ಬೀಸಿದ ಕೊಟ್ರಪ್ಪನ ಕೈ ತಿರುಚಿ ಕಲ್ಲಿನ ಮೇಲೆ ಒತ್ತಿದೆ. ಅವನು ಸಿದ್ಧಾರ್ಥನ ಬಲಗೈ ಬಂಟ.

"ವೇಣಿ ಎಲ್ಲಿ?"

"ಬೊಮ್ಮನಹಳ್ಳಿ ಗೋಡೌನಲ್ಲಿ..."

"ಜೀವಂತ?"

"ಈಗಂತೂ ಇದ್ದಾಳೆ. ಬಾಸ್ ಸಿಂಗಾಪುರದಲ್ಲಿ ಇಳಿದು ಫೋನ್ ಮಾಡ್ಬೇಕು. ಆಮೇಲೆ ಮುಗಿಸ್ತಾರೆ."

ಸಿದ್ಧಾರ್ಥ ತನ್ನ ಪಾರ್ಟ್ನರನ್ನ ಕೊಂದಿದ್ದನ್ನ ಕಣ್ಣಾರೆ ಕಂಡವಳು ವೇಣಿ ಒಬ್ಬಳೇ. ಅವಳು ಸಾಯುವಾಗ ತಾನು ದೇಶದಲ್ಲೇ ಇರಬಾರದು ಅನ್ನೋದು ಅವನ ಪ್ಲ್ಯಾನು.

"ಫ್ಲೈಟ್ ಎಷ್ಟೊತ್ತಿಗೆ?"

"ಹನ್ನೊಂದಕ್ಕೆ ಬಿಟ್ಟಿದೆ. ಆರಕ್ಕೆ ಇಳಿಯುತ್ತೆ. ಟಿಕೆಟ್ ನಾನೇ ನೋಡಿದೀನಿ ಸಾರ್."

ಏಳು ಗಂಟೆ. ಮೂರು ಸಾವಿರ ಕಿಲೋಮೀಟರ್ ಮೇಲೆ ದೂರ, ಅಷ್ಟು ಹಿಡಿಯುತ್ತೆ ಬಿಡು ಅಂದ್ಕೊಂಡೆ. ನಾನು ಜನ್ಮದಲ್ಲಿ ಹತ್ತಿದ್ದ ದೊಡ್ಡ ಗಾಡಿ ಅಂದ್ರೆ ವೋಲ್ವೋ ಬಸ್ಸು. ಪ್ಲೇನಲ್ಲಿ ಇರೋವರೆಗೂ ಅವನ ಫೋನ್ ಆಫ್. ಅಲ್ಲೀವರೆಗೂ ಹುಡುಗಿ ಸೇಫ್.

ಕೊಟ್ರಪ್ಪನ ಕೈಕಾಲು ಕಟ್ಟಿ ಹಾಕಿ ನಂಜಪ್ಪನ ಮನೆಗೆ ಗಾಡಿ ಓಡಿಸಿದೆ. ನಂಜಪ್ಪ ವೇಣಿಯ ಅಪ್ಪ. ಮಗಳನ್ನ ಹುಡುಕಿಕೊಡು ಅಂತ ನನ್ನನ್ನ ಕೆಲಸಕ್ಕೆ ಕರೆದವನೂ ಅವನೇ. ಆ ಗೋಡೌನೂ ಅವನದೇ, ಸಿದ್ಧಾರ್ಥನಿಗೆ ಬಾಡಿಗೆಗೆ ಕೊಟ್ಟಿದ್ದ. ಹಿಂಬಾಗಿಲ ಕೀ ಅವನ ಸೊಂಟದಲ್ಲೇ ಇತ್ತು. ಸದ್ದಿಲ್ಲದೆ ನುಗ್ಗೋಕೆ ಅದೊಂದೇ ದಾರಿ. ಪೊಲೀಸ್ ಜೀಪ್ ಕಂಡ್ರೆ ಅವಳನ್ನ ಅಲ್ಲೇ ಮುಗಿಸಿಬಿಡ್ತಾರೆ.

"ನಡೀರಿ ನಂಜಪ್ಪನೋರೇ, ಹೊರಡೋಣ."

ಅವನು ಗೋಡೆ ಗಡಿಯಾರ ನೋಡಿದ. ಒಂದೂವರೆ ದಾಟಿತ್ತು.

"ಇವತ್ತು ಗುರುವಾರ. ಒಂದೂವರೆಯಿಂದ ರಾವುಕಾಲ. ಮೂರಕ್ಕೆ ಒಂಡೋಣ."

"ಮಗಳ ಪ್ರಾಣ ಕಣ್ರೀ ಅದು!"

"ಅದಕ್ಕೇ ಏಳ್ತಿರೋದು. ಅವಳವ್ವ ಲಕ್ಷ್ಮಮ್ಮನ್ನ ರಾವುಕಾಲ್ದಾಗೆ ಆಸ್ಪತ್ರೆಗೆ ಕರ್ಕೊಂಡೋದೆ. ವಾಪಸ್ ಬರ್ಲಿಲ್ಲ. ಇನ್ನೊಂದು ಕಿತ ಅಂಗೆ ಮಾಡಾಕಿಲ್ಲ."

ಮೈಯೆಲ್ಲಾ ಉರಿದು ಹೋಯ್ತು. ಕೀ ಕಿತ್ಕೊಂಡು ಓಡಬಹುದಿತ್ತು. ಆದ್ರೆ ಆ ಮುದುಕ ಹೆಂಡ್ತಿ ಫೋಟೋ ಮುಂದೆ ಹೋಗಿ ಕೂತುಬಿಟ್ಟ... ಫೋನ್ ಬರೋದು ಆರಕ್ಕೆ ತಾನೆ, ಟೈಮಿದೆ ಅಂತ ಸುಮ್ಮನೆ ಕೂತೆ. ಇಬ್ಬರೂ ಅನ್ನ ಮುಟ್ಟಲಿಲ್ಲ.

ಮೂರಕ್ಕೆ ಹೊರಟ್ವಿ. ಹೊಸೂರು ರೋಡಲ್ಲಿ ಎಂದಿನ ಜಾಮ್. ಹಿಂದೆ ಸಿದ್ಧಾರ್ಥನ ಹುಡುಗರ ಬಿಳಿ ಸುಮೊ ಬೆನ್ನು ಹತ್ತಿತ್ತು. ಸರ್ವೀಸ್ ರೋಡಿಗೆ ನುಗ್ಗಿಸಿ, ಗಾರ್ಮೆಂಟ್ಸ್ ಬಸ್ಸುಗಳ ಸಂದಿಯಲ್ಲಿ ತೂರಿಸಿ, ತಪ್ಪಿಸಿಕೊಂಡೆ.

ನಾಲ್ಕು ಗಂಟೆಗೆ ಗೋಡೌನ್ ಹಿಂದೆ ನಿಂತಿದ್ವಿ. ಇನ್ನೂ ಎರಡು ಗಂಟೆ ಕೈಯಲ್ಲಿದೆ ಅಂತ ಖುಷಿಯಾಗಿದ್ದೆ ಕಣೋ.

ಕೀ ತಿರುಗಿತು. ಒಳಗೆ ಒಬ್ಬನೇ ಇದ್ದ, ಭರಮಪ್ಪ ಅಂತ ಕಾವಲಿನವನು. ನೆಲ ತೊಳೀತಿದ್ದ.

ವೇಣಿ ಕುರ್ಚಿಯಲ್ಲೇ ಇದ್ದಳು. ಉಸಿರಿರಲಿಲ್ಲ.

ಭರಮಪ್ಪನ ಕತ್ತು ಹಿಡಿದು ಗೋಡೆಗೆ ಒತ್ತಿದೆ.

"ಆರಕ್ಕಲ್ವೇನೋ ಫೋನ್ ಬರಬೇಕಿದ್ದಿದ್ದು?"

"ಅಲ್ಲಿ ಆರು ಅಂದ್ರೆ ನಮಗೆ ಮೂರೂವರೆ ಸಾರ್... ನಾಲ್ಕೂವರೆ ಗಂಟೆ ಜರ್ನಿ ಅಷ್ಟೇ. ಬಾಸ್ ಇಳಿದ ತಕ್ಷಣ ಮಾಡಿದ್ರು."

ಕೈ ತಾನಾಗೇ ಸಡಿಲ ಆಯ್ತು. ಅವನು ಓಡಿದ. ನಾನು ಅಟ್ಟಿಸಿಕೊಂಡು ಹೋಗಲಿಲ್ಲ.

ನಂಜಪ್ಪ ಮಗಳ ಪಾದ ಹಿಡಿದು ಕೂತುಬಿಟ್ಟ.

"ಒಳ್ಳೇ ಗಳಿಗೆನಾಗೇ ಒಂಟ್ವಲ್ಲಪ್ಪಾ?"

ಹೊರಟಿದ್ವಿ. ಪಂಚಾಂಗ ಸರಿಯಾಗೇ ನೋಡಿದ್ವಿ ಗುರು... ಸಿಂಗಾಪುರದ ಗಡಿಯಾರ ನೋಡಿರಲಿಲ್ಲ, ಅಷ್ಟೇ.