ಹೋಂವರ್ಕ್ ಮುಗಿದ ಮೇಲೆ

"ನಿಮಗೆ ಎಂತ ಬೇಕು?"

ಸುಪ್ರೀತಾ ಎರಡನೇ ಸಲ ಕೇಳಿದಳು. ಎದುರಿಗೆ ನಿಂತವನ ಹಣೆಯಲ್ಲಿ ಬೆವರು, ಕಣ್ಣು ನೆಲದ ಮೇಲೆ. ಬಂದರ್‌ನಲ್ಲಿ ಬೋಟುಗಳು ನಿಲ್ಲುವ ಮೀನುಗಾರಿಕೆ ದಕ್ಕೆಯ ಪಕ್ಕದಲ್ಲಿ ಅವಳಪ್ಪನ ಬಲೆ, ಹಗ್ಗದ ಅಂಗಡಿ. ಅಲ್ಲಿಗೆ ಬರುವ ಬೋಟಿನವರೆಲ್ಲ ಗಂಟಲು ಹರಿಯುವಂತೆ ಕೂಗಿ ಸಾಮಾನು ಕೇಳುವವರೇ. ಇವನೊಬ್ಬ ವಿಚಿತ್ರ!

"ಬಲೆ ಹೊಲಿಯುವ ನೂಲು... ಒಂದು ಉಂಡೆ."

ದನಿ ಕೇಳಿದ ಮೇಲೆ ಗುರುತು ಹತ್ತಿತು. ಕುದ್ರೋಳಿಯ ಭುವನ್! ಒಂದು ಕಾಲದಲ್ಲಿ ಮೀನು ಹಿಡಿಯುವ ಟ್ರಾಲ್ ಬೋಟಿನ ಡ್ರೈವರ್. ಎಷ್ಟೋ ತಿಂಗಳಿಂದ ಕಡಲಿಗೆ ಹೋಗದೆ ಬಾಗಿಲು ಹಾಕಿಕೊಂಡು ಮಲಗಿದವನು. ಸೋಮಾರಿ ಎಂದರು ಕೆಲವರು, ಯಾರೋ ಮಾಟ ಮಾಡಿಸಿದ್ದಾರೆ ಎಂದರು ಇನ್ನು ಕೆಲವರು. ಊರ ಬಾಯಿಗೆ ಬೀಗ ಹಾಕುವವರು ಯಾರು?

'ಬೋಟು ಬಿಟ್ಟವನಿಗೆ ಬಲೆಯ ನೂಲು ಯಾಕೆ?' ಎಂದುಕೊಂಡರೂ ಅವಳು ಕೇಳಲಿಲ್ಲ.

ಮರುದಿನವೂ ಬಂದ. ಅದರ ಮರುದಿನವೂ! ಕೆಲವೇ ದಿನಗಳಲ್ಲಿ ನೂಲಿನ ನೆಪವೂ ಬೇಡವಾಯಿತು. ಬೂತಾಯಿ ಮೀನಿನ ರೇಟು, ಗಾಳಿಯ ದಿಕ್ಕು, ಅಮ್ಮ ಮಾಡಿದ ಪುಂಡಿ ಕಡುಬು... ಮಾತಿಗೆ ಮಾತು ಸೇರಿತು. ಮಳೆಗಾಲ ಕಳೆಯುವಷ್ಟರಲ್ಲಿ ಅವನು ಬಾಯಿತುಂಬ ನಗುತ್ತಿದ್ದ. ಅವಳೋ, ಅವನು ಬರುವ ಹೊತ್ತಿಗೆ ಸರಿಯಾಗಿ ಕೂದಲು ಬಾಚಿಕೊಳ್ಳುತ್ತಿದ್ದಳು!

ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಸ್ವೀಟ್ ಬಾಕ್ಸ್ ಹಿಡಿದು ಬಂದ.

"ಸುಪ್ರೀತಾ, ನಿಮಗೊಂದು ವಿಷಯ ಹೇಳ್ಲಿಕ್ಕುಂಟು."

'ದೇವರೇ, ಇವತ್ತೇ!' ಅವಳು ಬೇಗ ಬೇಗ ಕೂದಲು ಸರಿಮಾಡಿಕೊಂಡಳು.

"ನನಗೆ ಡಿಪ್ರೆಶನ್ ಇತ್ತು. ಆಸ್ಪತ್ರೆಗೆ ಹೋದ್ರೆ ದಕ್ಕೆಯವರೆಲ್ಲ ನೋಡ್ತಾರೆ ಅಂತ ಹೆದರಿಕೆ. ಕೊನೆಗೆ ಮೊಬೈಲಲ್ಲೇ ಒಂದು ಟ್ರೀಟ್‌ಮೆಂಟ್ ಪ್ರೋಗ್ರಾಂಗೆ ಸೇರಿದೆ. ವಾರಕ್ಕೊಂದು ಪಾಠ. ಆಂಡ್ರಿಯಾ ಮೇಡಂ ಅಂತ ಕೌನ್ಸೆಲರ್, ಪ್ರತಿ ವಾರ ಫೋನ್ ಮಾಡಿ ವಿಚಾರಿಸ್ತಿದ್ರು. ಮೊಬೈಲಿಂದ ಎಂತ ಗುಣ ಆಗ್ತದೆ ಮಾರಾಯ್ರೆ ಅಂತ ನಾನೇ ನಗಾಡಿದ್ದೆ. ಆದ್ರೆ ಆಯ್ತಲ್ಲ!"

ಸುಪ್ರೀತಾಳ ಕಣ್ಣು ತುಂಬಿ ಬಂತು. ಇಷ್ಟೆಲ್ಲ ಒಬ್ಬನೇ ಅನುಭವಿಸಿದನಾ! ಅವನ ಮೇಲೆ ಎಂದೂ ಇಲ್ಲದ ಗೌರವ ಹುಟ್ಟಿತು.

"ಅದರಲ್ಲಿ ಹೋಂವರ್ಕ್ ಇತ್ತು. ದಿನಾ ಹೊರಗೆ ಹೋಗಿ ಒಬ್ಬರ ಹತ್ತಿರ ಮಾತಾಡ್ಬೇಕು ಅಂತ. ಅದಕ್ಕೇ ನಿಮ್ಮ ಅಂಗಡಿಗೆ ಬಂದದ್ದು. ನೀವೇ ನನ್ನ ಹೋಂವರ್ಕ್! ನಿನ್ನೆ ಪ್ರೋಗ್ರಾಂ ಮುಗೀತು. ತುಂಬ ಥ್ಯಾಂಕ್ಸ್."

ಅಯ್ಯೋ ಪುಣ್ಯಾತ್ಮ! ಅಷ್ಟು ದೊಡ್ಡ ಬೋಟು ನಡೆಸಿದವನಿಗೆ ಎದುರಿಗಿರುವ ಹುಡುಗಿಯ ಮುಖ ನೋಡಿ ಮಾತಾಡಲು ಬರಬೇಡವೇ?

'ನಾನು ಬರೀ ಹೋಂವರ್ಕ್...'

"ಮುಗೀತಲ್ಲ? ಹಾಗಾದ್ರೆ ಇನ್ನು ಬರುವ ಅಗತ್ಯ ಇಲ್ಲ," ಎಂದು ಸ್ವೀಟ್ ಬಾಕ್ಸನ್ನು ಅವನತ್ತಲೇ ತಳ್ಳಿದಳು.

ಅವನ ಮುಖ ಬಾಡಿತು. ಬಾಕ್ಸ್ ಎತ್ತಿಕೊಂಡು ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ಸಿಟ್ಟು ಇಳಿದ ಜಾಗದಲ್ಲಿ ಭಯ ಬಂದು ಕೂತಿತು. 'ಮತ್ತೆ ಬಾಗಿಲು ಹಾಕಿ ಮಲಗಿದನಾ? ಅಷ್ಟು ಕಷ್ಟಪಟ್ಟು ಎದ್ದವನನ್ನು ನಾನೇ ಬೀಳಿಸಿದೆನಾ?' ಇನ್ನು ತಡೆಯಲಾಗದೆ, ಕುದ್ರೋಳಿಗೇ ಹೋಗಿ ನೋಡಿಬಿಡುತ್ತೇನೆಂದು ಶಟರ್ ಎಳೆದು ತಿರುಗಿದರೆ, ಎದುರಿಗೇ ಭುವನ್!

"ಬೇಡ ಅಂದ್ರೂ ಬಂದೆ," ಎಂದ. "ಹಾಸಿಗೆಯಿಂದ ಏಳ್ಲಿಕ್ಕೇ ಆಗಿರ್ಲಿಲ್ಲ. ನೀನು ಸುಪ್ರೀತಾಗೆ ಬೇಡ, ಯಾರಿಗೂ ಬೇಡ ಅಂತ ಮನಸ್ಸು ಹೇಳ್ತಾ ಇತ್ತು. ಮೊದಲಾದ್ರೆ ನಂಬಿ ಮಲಗಿಯೇ ಇರ್ತಿದ್ದೆ. ಆದ್ರೆ ಪಾಠದಲ್ಲಿ ಕಲಿಸಿದ್ದಾರೆ, ಮನಸ್ಸು ಹೇಳಿದ್ದೆಲ್ಲ ಸತ್ಯ ಅಲ್ಲ, ಪುರಾವೆ ಕೇಳ್ಬೇಕು ಅಂತ. ಎಷ್ಟು ಹುಡುಕಿದ್ರೂ ಗಟ್ಟಿ ಪುರಾವೆ ಸಿಗಲಿಲ್ಲ. ಅದಕ್ಕೆ ನಿಮ್ಮನ್ನೇ ಕೇಳ್ಲಿಕ್ಕೆ ಬಂದೆ... ನಿಮಗೆ ನಾನು ಬೇಡವಾ?"

ಇಂಥ ಪ್ರಶ್ನೆ ಕೇಳಲು ಎಂಟೆದೆ ಬೇಕು! ಸುಪ್ರೀತಾ ಅತ್ತೇಬಿಟ್ಟಳು.

"ನಾನು ಹೋಂವರ್ಕ್ ಅಂತ ನೀವೇ ಹೇಳಿದ್ದಲ್ವಾ?"

"ಆ ಹೋಂವರ್ಕ್ ಇದ್ದದ್ದು ಮೊದಲ ವಾರ ಮಾತ್ರ ಮಾರಾಯ್ತಿ! ಆಮೇಲೆಲ್ಲ ಬಂದದ್ದು ನಿಮ್ಮನ್ನು ನೋಡ್ಲಿಕ್ಕೆ."

"ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು?"

"ಹೆದರಿಕೆ ಆಯ್ತು. ಥ್ಯಾಂಕ್ಸ್ ಹೇಳುವುದು ಸುಲಭ ಅಲ್ವಾ?" ಅವನೇ ಮುಂದುವರಿಸಿದ. "ಸುಪ್ರೀತಾ, ಈ ಕಾಯಿಲೆ ಮತ್ತೆ ಬರಲೂಬಹುದು. ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಬಂದ್ರೆ ಆ ಪಾಠ ತೆಗೀತೇನೆ, ಮೇಡಂಗೆ ಫೋನ್ ಮಾಡ್ತೇನೆ..."

"ನನಗೆ ಹೇಳುವುದಿಲ್ವಾ?"

"ನಿಮಗೇ ಮೊದಲು."

"ಮುಚ್ಚಿಟ್ರೆ ನೋಡಿ ಮತ್ತೆ!"

"ನಾನು ಕೇಳಿದ್ದಕ್ಕೆ ಉತ್ತರ?"

ದಕ್ಕೆಯವರೆಲ್ಲ ನೋಡುತ್ತಿದ್ದರು. ನೋಡಿದರೆ ನೋಡಲಿ! ಸುಪ್ರೀತಾ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಪುರಾವೆ ಬೇಕಿತ್ತಲ್ಲ? ಇದು ಸಾಕಾ?"

"ಸಾಕು," ಎಂದ ಭುವನ್.